ಕಿವಿಗೆ ಒಗ್ಗದ ಕಂಠ

ಸಂಗೀತದ ವಿಷಯದಲ್ಲಿ ನಾವೆಲ್ಲರೂ ನ್ಯಾಯಾಧೀಶರೇ. ರಾಗದ ಹೆಸರು ತಿಳಿಯದವನು, ತಾಳ ತಪ್ಪಿ ತಲೆದೂಗುವವನು ಕೂಡ ಒಂದು ಮಾತನ್ನು ಮಾತ್ರ ಸಂಶಯವಿಲ್ಲದೆ ಹೇಳಿಬಿಡುತ್ತಾನೆ: “ಅವರ ಕಂಠ ಚೆನ್ನಾಗಿಲ್ಲ.” ಆ ತೀರ್ಪಿಗೆ ಸಾಕ್ಷಿ ಬೇಡ, ವಾದ ಬೇಡ, ಅದರ ಮೇಲೆ ಅಪೀಲೂ ಇಲ್ಲ. ನಾನೂ ಒಂದು ಕಾಲದಲ್ಲಿ ಅಂಥ ತೀರ್ಪು ಕೊಟ್ಟವನು. ಅದರ ದಂಡವನ್ನು ತೆತ್ತವರು ಬೇರೆಯವರು. ಆದ್ದರಿಂದ ಈ ವಿಷಯವನ್ನು ವಾಚಕರ ಮುಂದೆ ಇಡಬೇಕೆನಿಸಿದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಜನಕ್ಕೆ ಹಾಡಿನ ಬಡತನವೇನೂ ಇಲ್ಲ. ಶಿವರಾತ್ರಿ ಬಂದಿತೆಂದರೆ ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ಕಾವೇರಿಯ ದಡದ ಮೇಲೆ, ರಾಚಪ್ಪಾಜಿಯ ಜಾತ್ರೆ ಮೊದಲಾಗುತ್ತದೆ. ಅಲ್ಲಿ ನೀಲಗಾರರು ತಂಬೂರಿ ಮೀಟುತ್ತ ಮಂಟೇಸ್ವಾಮಿಯ ಕಥೆಯನ್ನು ಇರುಳೆಲ್ಲ ಹಾಡುತ್ತಾರೆ. ಬೆಳಗಿನ ಜಾವದ ಹೊತ್ತಿಗೆ ಅವರ ಗಂಟಲು ಗೊಗ್ಗರಾಗಿರುತ್ತದೆ. ಕುಳಿತು ಕೇಳುವ ಒಕ್ಕಲು ಅದನ್ನು ದೋಷವೆಂದು ಎಣಿಸುವುದಿಲ್ಲ. ಇರುಳೆಲ್ಲ ದುಡಿದ ಗಂಟಲು ಅದು ಎಂದು ಬಲ್ಲರು. ಅದೇ ಕಂಠವನ್ನು ಪೇಟೆಯ ಸಭಾಂಗಣದಲ್ಲಿ ಧ್ವನಿವರ್ಧಕದ ಮೂಲಕ ಕೇಳಿದವರು ಕಿವಿ ಮುಚ್ಚಿಕೊಂಡದ್ದನ್ನೂ ನಾನು ಕಂಡಿದ್ದೇನೆ. ಗಂಟಲು ಒಂದೇ, ಕೇಳುವವರ ಎದುರು ನೋಟ ಬೇರೆ.

ಪಿರಿಯಾಪಟ್ಟಣದಲ್ಲಿ ನನಗೊಬ್ಬ ಮಿತ್ರರಿದ್ದಾರೆ. ನಿವೃತ್ತ ಉಪಾಧ್ಯಾಯರು, ರಸಿಕರು. ಅವರಿಗೆ ನಟ ರಾಜಕುಮಾರರ ಅಭಿನಯವೆಂದರೆ ಪ್ರಾಣ. ರಾಜಕುಮಾರರ ಹಾಡೆಂದರೆ ಆಗದು. ಕಾರಣವೇನೆಂದು ಬಹಳ ದಿನ ಕೆದಕಿದೆ. ಕಡೆಗೆ ತಿಳಿದದ್ದು ಇಷ್ಟು: ಅವರ ಯೌವನದಲ್ಲಿ ತೆರೆಯ ಮೇಲಿನ ರಾಜಕುಮಾರರಿಗೆ ಪಿ. ಬಿ. ಶ್ರೀನಿವಾಸರ ಕಂಠವೇ ಕಂಠವಾಗಿತ್ತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ರಾಜಕುಮಾರರು ತಾವೇ ಹಾಡಿದರು. ಆ ಹಾಡು ಊರೂರಿನಲ್ಲಿ ಮೊಳಗಿತು. ಆಮೇಲೆ ಅವರೇ ಹಾಡುವುದು ವಾಡಿಕೆಯಾಯಿತು. 1992ರ ‘ಜೀವನ ಚೈತ್ರ’ದ ಹಾಡುಗಾರಿಕೆಗೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತು. ನನ್ನ ಮಿತ್ರರಿಗೆ ಮಾತ್ರ ಆ ಹೊಸ ಕಂಠ ಹಳೆಯ ಮನೆಯನ್ನು ಆಕ್ರಮಿಸಿಕೊಂಡಂತೆ ಕೇಳಿಸಿತು. ಅವರು ಒಲ್ಲೆನೆಂದದ್ದು ರಾಜಕುಮಾರರ ಧ್ವನಿಯನ್ನಲ್ಲ. ಬಿಡಲಾರದೆ ಹೋದದ್ದು ಶ್ರೀನಿವಾಸರ ಧ್ವನಿಯನ್ನು. ನಮ್ಮ ಎಷ್ಟೋ ಅರುಚಿಗಳು ಹೀಗೆ ಹಳೆಯ ಒಲವಿನ ನೆರಳುಗಳೇ ಆಗಿರುತ್ತವೆ.

ಕರ್ನಾಟಕ ಸಂಗೀತದ ಚರಿತ್ರೆಯಲ್ಲೂ ಇಂಥ ಉದಾಹರಣೆಗಳುಂಟು. ಟೈಗರ್ ವರದಾಚಾರ್ಯರ (1876–1950) ಕಂಠ ಇಂಪಾದದ್ದೆಂದು ಅವರ ಶಿಷ್ಯರೂ ಹೇಳುತ್ತಿರಲಿಲ್ಲ. ಆದರೂ ಮದರಾಸಿನ ಸಂಗೀತ ಅಕಾಡೆಮಿ 1932ರಲ್ಲಿ ಅವರನ್ನು ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿತು. ಅವರ ಶಿಷ್ಯ ಎಂ. ಡಿ. ರಾಮನಾಥನ್ (1923–1984) ತೀರ ತಗ್ಗಿದ ಶ್ರುತಿಯಲ್ಲಿ, ತೀರ ನಿಧಾನವಾಗಿ ಹಾಡುವವರು. ಬೇಸತ್ತು ಎದ್ದು ಹೋದವರು ಕೆಲವರು; ಅವರನ್ನು ಕೇಳಿದ ಮೇಲೆ ಬೇರೆಯವರ ವೇಗ ಸಹಿಸದೆ ಹೋದವರು ಕೆಲವರು.

ಇನ್ನು ನನ್ನ ತಪ್ಪಿನ ವಿಚಾರ. ನಮ್ಮದು ಹುಣಸೂರಿನ ಬಳಿಯ ಒಂದು ಹಳ್ಳಿ. ನಮ್ಮ ಅವ್ವನ ಧ್ವನಿ ದಪ್ಪ. ಒಳಗಿನಿಂದ ಕೂಗಿದರೆ ಅಪ್ಪನೇ ಕೂಗಿದರೆಂದು ಆಳುಗಳು ಓಡಿಬರುತ್ತಿದ್ದರು. ಮದುವೆಮನೆಯಲ್ಲಿ ಸೋಬಾನೆ ಹೇಳಲು ಹೆಂಗಸರು ಕೂಡಿದಾಗ ಅವ್ವನೂ ಬಾಯಿ ತೆರೆದರೆ, ಸೋದರತ್ತೆಯವರು ನಗುತ್ತಲೇ, “ನಿಂದು ಗಂಡುಗಂಟಲು ಕಣವ್ವ, ನೀನು ಆರತಿ ತಟ್ಟೆ ಹಿಡ್ಕೊ, ಸಾಕು” ಎನ್ನುವರು. ಅವ್ವನೂ ನಗುವರು; ತಟ್ಟೆ ಹಿಡಿಯುವರು. ಹಾಡುವುದಾದರೆ ಅಡಿಗೆಮನೆಯಲ್ಲಿ, ಒಲೆಯ ಮುಂದೆ, ತಮಗೆ ಮಾತ್ರ ಕೇಳುವಷ್ಟು.

ನನಗೆ ಆಗ ಹನ್ನೆರಡು ವರ್ಷವಿದ್ದೀತು. ಮನೆಗೆ ರೇಡಿಯೋ ಬಂದಿತ್ತು. ಒಂದು ಶನಿವಾರ ರಾತ್ರಿ, ಆಕಾಶವಾಣಿ 1952ರಲ್ಲಿ ಆರಂಭಿಸಿದ್ದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಲ್ಲಿ, ಗಂಗೂಬಾಯಿ ಹಾನಗಲ್ ಎಂದು ಹೆಸರು ಹೇಳಿದರು. ಅನಂತರ ಬಂದದ್ದು ನಾನು ಎದುರು ನೋಡಿದ ಹೆಣ್ಣುಧ್ವನಿಯಲ್ಲ; ತಗ್ಗಿನಿಂದ ಏಳುವ, ಭಾರವಾದ, ಗಟ್ಟಿಯಾದ ಧ್ವನಿ. ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ಬಳಿ ಬಂದು ನಿಂತರು, ಮೆಲ್ಲನೆ ಕುಳಿತರು. ನಾನು, “ಇದೇನು, ಹೆಂಗಸೋ ಗಂಡಸೋ? ಈ ಗಂಟಲಿಗೆ ಹಾಡು ಬೇರೆ ಕೇಡು!” ಎಂದು ರೇಡಿಯೋ ನಿಲ್ಲಿಸಿಬಿಟ್ಟೆ. ಅವ್ವ ಬೈಯಲಿಲ್ಲ. “ಗಂಟಲು ದೇವರು ಕೊಟ್ಟದ್ದು ಕಣೋ ಮಗ” ಎಂದಷ್ಟೇ ಹೇಳಿ ಒಳಗೆ ಹೋದರು. ಅಂದಿನಿಂದ ಅವರು ಅಡಿಗೆಮನೆಯಲ್ಲಿ ಗುನುಗುವುದನ್ನೂ ಬಿಟ್ಟರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅವರು ತೀರಿಹೋದ ಅನಂತರ, ತಂಗಿ ಹೇಳಿದಾಗ.

ಗಂಗೂಬಾಯಿಯವರ ವೃತ್ತಾಂತವನ್ನು ನಾನು ಓದಿಕೊಂಡದ್ದೂ ಆಮೇಲೆಯೇ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಧ್ವನಿ ಮೊದಲು ತೆಳುವಾಗಿ ಎತ್ತರಕ್ಕೆ ಏರುವಂಥದೇ ಆಗಿತ್ತು. 1930ರ ದಶಕದ ಗ್ರಾಮೊಫೋನ್ ತಟ್ಟೆಗಳಲ್ಲಿ ಆ ಧ್ವನಿ ಈಗಲೂ ಇದೆ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅದು ಗಂಡುಧ್ವನಿಯಂತೆ ತಗ್ಗಿತು. ಹಾಡುವವರಿಗೆ ಇದಕ್ಕಿಂತ ದೊಡ್ಡ ಆಪತ್ತು ಇನ್ನಾವುದು? ಅವರು ಹಾಡುವುದನ್ನು ಬಿಡಲಿಲ್ಲ. ಕಳೆದುಹೋದ ಧ್ವನಿಯನ್ನು ಅಣಕಿಸಲೂ ಹೋಗಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತದ್ದನ್ನು ಉಳಿದ ಕಂಠಕ್ಕೇ ಹೊಂದಿಸಿಕೊಂಡರು. ಒಂದೊಂದು ಸ್ವರದ ಮೇಲೂ ನಿಂತು, ಅವಸರವಿಲ್ಲದೆ ರಾಗವನ್ನು ಕಟ್ಟುವ ಅವರ ರೀತಿಗೆ ಆ ಧ್ವನಿಯ ಭಾರವೇ ಆಧಾರವಾಯಿತು. ಜಾತಿಯ ಹೆಸರಿನಲ್ಲಿ ಬಂದ ಹೀಯಾಳಿಕೆಯನ್ನು ದಾಟಿದ್ದ ಆ ತಾಯಿಗೆ ಧ್ವನಿಯ ಹೀಯಾಳಿಕೆ ದೊಡ್ಡದಾಗಿ ತೋರಲಿಲ್ಲವೇನೋ. 2002ರಲ್ಲಿ ಪದ್ಮವಿಭೂಷಣ ಬಂದಿತು. 2009ರಲ್ಲಿ ಅವರು ತೀರಿಕೊಂಡರು. ನಮ್ಮ ಮೈಸೂರಿನಲ್ಲಿರುವ ಸಂಗೀತ ವಿಶ್ವವಿದ್ಯಾನಿಲಯಕ್ಕೆ ಅವರದೇ ಹೆಸರು. ನಾನು ನಿಲ್ಲಿಸಿದ ರೇಡಿಯೋದಿಂದ ಅವರಿಗೆ ಯಾವ ನಷ್ಟವೂ ಆಗಲಿಲ್ಲ. ನಷ್ಟವಾದದ್ದು ಬಾಗಿಲ ಬಳಿ ಕುಳಿತಿದ್ದವರಿಗೆ.

ಹೆಣ್ಣಿನ ಕಂಠ ಹೀಗೆಯೇ ಇರಬೇಕೆಂದು ವಿಧಿಸಿದವರು ಯಾರು? ಮಾತನಾಡುವಾಗ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸಿನವು ಸುಮಾರು 200 ಸಲ ಕಂಪಿಸುತ್ತವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಅದು ಸರಾಸರಿಯ ಲೆಕ್ಕ. ನಡುವೆ ಪ್ರಕೃತಿ ಬೇಲಿ ಹಾಕಿಲ್ಲ. ಬೇಲಿ ಹಾಕಿದ್ದು ನಮ್ಮ ಅಭ್ಯಾಸ. ಚಲನಚಿತ್ರದ ಹಾಡುಗಳು ತೆಳುವಾದ, ಎತ್ತರದ ಹೆಣ್ಣುಕಂಠವೊಂದನ್ನೇ ಮನೆಮನೆಗೆ ತಂದವು. ಅದನ್ನೇ ಅಳತೆಗೋಲು ಮಾಡಿಕೊಂಡೆವು. ಅನ್ನವನ್ನು ಅಗಿದು ಅಭ್ಯಾಸವಾದವನು ರಾಗಿಮುದ್ದೆಯನ್ನೂ ಅಗಿಯಲು ಹೋಗಿ, “ಇದು ಹಲ್ಲಿಗೆ ಅಂಟುತ್ತದೆ, ಇದೆಂಥ ಊಟ?” ಎಂದರೆ ನಮ್ಮ ಸೀಮೆಯವರು ನಗುತ್ತಾರೆ. ಮುದ್ದೆಯನ್ನು ನುಂಗಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಪರಿಚಯವಿಲ್ಲದ ಕಂಠದ ಎದುರು ನಾವೂ ಅಂಥವರೇ.

ಹಾಗೆಂದು, ಕೀರ್ತಿವಂತರ ಕಂಠವನ್ನೆಲ್ಲ ಮೆಚ್ಚಲೇಬೇಕೆಂಬ ನಿರ್ಬಂಧವನ್ನು ನಾನು ಹೇರುತ್ತಿಲ್ಲ. ಮೆಚ್ಚದಿರುವುದು ಕಿವಿಯ ಹಕ್ಕು. ದೊಡ್ಡವರೆಂಬ ಭಯದಿಂದ ತಲೆದೂಗುವುದಕ್ಕಿಂತ, “ನನಗೆ ಹಿಡಿಸಲಿಲ್ಲ” ಎಂದು ಒಪ್ಪಿಕೊಳ್ಳುವುದು ಮೇಲು. ಆದರೆ “ನನಗೆ ಹಿಡಿಸಲಿಲ್ಲ” ಎಂಬುದು ಕೇಳಿದವನ ವಿಚಾರ. “ಅದು ಕೆಟ್ಟದ್ದು” ಎಂಬುದು ಹಾಡಿದವರ ವಿಚಾರ. ಮೊದಲನೆಯದರಿಂದ ಎರಡನೆಯದಕ್ಕೆ ನಾವು ಒಂದೇ ನೆಗೆತಕ್ಕೆ ಹಾರುತ್ತೇವೆ. ಹಾರುವಾಗ ಯಾರ ಮೇಲೆ ಕಾಲಿಟ್ಟೆವೆಂದು ನೋಡುವುದಿಲ್ಲ. ಕೀರ್ತಿವಂತರು ನಮ್ಮ ತೀರ್ಪನ್ನು ಕೊಡವಿಕೊಂಡು ನಡೆದಾರು. ಅಂಥದೇ ಕಂಠವುಳ್ಳ, ಹೆಸರಿಲ್ಲದವರು ನಮ್ಮ ಮನೆಯಲ್ಲಿಯೇ ಇರುತ್ತಾರೆ. ಆ ಮಾತು ಅವರಿಗೆ ತಾಗುತ್ತದೆ.

ಈಚೆಗೆ ಮೊಮ್ಮಗಳು ನನ್ನ ಮಾತನ್ನು ಫೋನಿನಲ್ಲಿ ಮುದ್ರಿಸಿ ಕೇಳಿಸಿದಳು. ಸಹಿಸಲಾಗಲಿಲ್ಲ. ನಮ್ಮ ಧ್ವನಿ ನಮಗೆ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಯ ಎಲುಬಿನ ಮೂಲಕವೂ ಕೇಳುವುದರಿಂದ, ಮುದ್ರಿತವಾದದ್ದು ಪರಕೀಯವೆನಿಸುವುದಂತೆ. ತನ್ನ ಕಂಠವನ್ನೇ ಸಹಿಸಲಾರದ ಕಿವಿ ಪರರ ಕಂಠದ ಮೇಲೆ ತೀರ್ಪು ಕೊಡುವ ಮೊದಲು ತುಸು ತಡೆಯಬೇಡವೆ? ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಒಗ್ಗದ ಕಂಠವೊಂದು ಕಿವಿಗೆ ಬಿದ್ದಾಗ ಇನ್ನು ಹತ್ತು ನಿಮಿಷ ಕೇಳಿ. ಆಮೇಲೂ ಹಿಡಿಸದಿದ್ದರೆ ನಿಲ್ಲಿಸಿ. ಆದರೆ ನಿಲ್ಲಿಸುವ ಮುನ್ನ, ಬಾಗಿಲ ಬಳಿ ಯಾರಾದರೂ ಕುಳಿತು ಕೇಳುತ್ತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿ.