ಸಿಪ್ಯಾಪ್ ಮಾಸ್ಕ್: ಎಲ್ಲರಿಗೂ ಬೇಕೇ?

ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡವರಲ್ಲಿ ಬಹಳಷ್ಟು ಮಂದಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಸ್ಲೀಪ್ ಆಪ್ನಿಯಾ ಎಂಬ ಈ ತೊಂದರೆಗೆ ಸಿಡ್ನಿಯ ಕಾಲಿನ್ ಸಲ್ಲಿವನ್ 1981ರಲ್ಲಿ ಪರಿಚಯಿಸಿದ ಸಿಪ್ಯಾಪ್ ಇಂದಿಗೂ ಮುಖ್ಯ ಚಿಕಿತ್ಸೆ. ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಹಾಯಿಸಿ, ಗಂಟಲು ಮುಚ್ಚಿಕೊಳ್ಳದಂತೆ ಅದು ತಡೆಯುತ್ತದೆ. ಆದರೆ ತೊಂದರೆ ಕಂಡ ಎಲ್ಲರಿಗೂ ಅದನ್ನು ಕೊಡಬೇಕೇ?

ಕೊಡಬೇಕು ಎನ್ನುವವರ ವಾದ ಗಟ್ಟಿಯಾಗಿದೆ. ರಾತ್ರಿ ನಿದ್ದೆ ಕೆಟ್ಟರೆ ಹಗಲಿನ ಫಿಸಿಯೋಥೆರಪಿಯೂ ಕೆಡುತ್ತದೆ. ಗಾಲಿಕುರ್ಚಿಯಲ್ಲಿ ತೂಕಡಿಸುವುದನ್ನು ಮನೆಯವರು ಸ್ನಾಯು ಸೆಟೆತಕ್ಕೆ ಕೊಟ್ಟ ಮಾತ್ರೆಯ ಮಂಪರು ಎಂದುಕೊಳ್ಳಬಹುದು. ಮೆಲ್ಬರ್ನ್ ಸಂಶೋಧಕರ ಮುಂದಾಳತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾಗಿ ಪೆಟ್ಟಾದ 160 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ 3 ತಿಂಗಳು ಸಿಪ್ಯಾಪ್ ಕೊಟ್ಟಾಗ ತೂಕಡಿಕೆ ಕಡಿಮೆಯಾಯಿತು.

ಅದೇ ಅಧ್ಯಯನ ಎದುರು ವಾದಕ್ಕೂ ಬಲ ಕೊಡುತ್ತದೆ. ಗಮನಶಕ್ತಿಯಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಯಂತ್ರದ ಬಳಕೆ ಸರಾಸರಿ ರಾತ್ರಿಗೆ 2.9 ಗಂಟೆ. ಇದರಲ್ಲಿ ಅಚ್ಚರಿಯಿಲ್ಲ. ಮಾಸ್ಕ್ ಜಾರಿ ಗಾಳಿ ಕಣ್ಣಿಗೆ ಹೊಡೆದರೆ ನಾವು ಕೈಯಿಂದ ಸರಿಮಾಡಿಕೊಳ್ಳುತ್ತೇವೆ. ಕೈ ಎತ್ತಲಾರದವರು ಯಾರನ್ನಾದರೂ ಕೂಗಬೇಕು, ಕೆಲವೊಮ್ಮೆ ಬಾಯಿಯನ್ನೂ ಮುಚ್ಚುವ ಮಾಸ್ಕಿನೊಳಗಿಂದ. ವಾಂತಿಯಾದರಂತೂ ಜೀವಕ್ಕೇ ಕುತ್ತು. ಒತ್ತಡದಿಂದ ಮೂಗಿನ ಮೇಲೆ ಹುಣ್ಣಾಗಬಹುದು. ಅರ್ಧರಾತ್ರಿ ಎದ್ದು ರೋಗಿಯ ಮಗ್ಗುಲು ಬದಲಿಸುವ ತಾಯಿಗೋ ಹೆಂಡತಿಗೋ ಮತ್ತೊಂದು ಹೊರೆ.

ಹಾಗೆಂದು ನಿದ್ದೆಯ ಪರೀಕ್ಷೆಯನ್ನೇ ಬಿಡುವಂತಿಲ್ಲ. ಕೆಲವರಲ್ಲಿ ಉಸಿರಾಟದ ಸ್ನಾಯುಗಳು ಸೋತು, ನಿದ್ದೆಯಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಬೆಳಗಿನ ತಲೆನೋವು ಅದರ ಸುಳಿವು. ಅವರಿಗೆ ಸಿಪ್ಯಾಪ್ ಸಾಲದು. ಉಸಿರೆಳೆದುಕೊಳ್ಳುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಕೊಡುವ ಬೈಪ್ಯಾಪ್ ಬೇಕಾಗಬಹುದು. ಅಲ್ಲಿ ತಡಮಾಡುವುದು ಅಪಾಯ.

ಉಳಿದವರ ವಿಷಯದಲ್ಲಿ, ಆ ಪರೀಕ್ಷೆಯ ವರದಿಯ ಅಂಕಿಯನ್ನಷ್ಟೇ ನೋಡಿ ಮಾಸ್ಕ್ ಹೇರಬಾರದು ಎಂಬುದು ನನ್ನ ನಿಲುವು. ಹಗಲು ತೂಕಡಿಸಿ ಬಳಲುವವರು ಕೆಲವು ವಾರ ಪ್ರಯತ್ನಿಸಿ ನೋಡಲಿ. ಸಾಧ್ಯವಾದರೆ ಮೂಗಿಗಷ್ಟೇ ಕೂರುವ ಮಾಸ್ಕ್ ಇರಲಿ, ಎಚ್ಚರವಿದ್ದಾಗಲೇ ಸ್ವಲ್ಪಸ್ವಲ್ಪ ರೂಢಿಯಾಗಲಿ, ತಲೆಯಿಂದ ಒತ್ತಬಹುದಾದ ಕರೆಗಂಟೆ ದಿಂಬಿನ ಪಕ್ಕದಲ್ಲಿರಲಿ. ಆಮೇಲೂ ಹಗಲು ಹಗುರಾಗದಿದ್ದರೆ ಬೇಡವೆನ್ನುವ ಹಕ್ಕು ಅವರಿಗಿದೆ. ಕರೆಗಂಟೆಯನ್ನೂ ಒದಗಿಸದೆ, ರೋಗಿ ಸಹಕರಿಸಲಿಲ್ಲ ಎಂದು ಕೇಸ್ ಶೀಟಿನಲ್ಲಿ ಬರೆಯುವುದು ಅನ್ಯಾಯ.