ಮುಹೂರ್ತ ನಮ್ಮದು, ಮೈ ಅವರದು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ನಮ್ಮ ಹಿರಿಯರು ದಿಲ್ಲಿಯ ಚಳಿಯಲ್ಲಿ ಮನೆ ಕಟ್ಟಿದವರಲ್ಲ. ಕಟ್ಟಿದ್ದರೆ ಆ ಗಾದೆಗೆ ಇನ್ನೊಂದು ಮಾತು ಸೇರಿಸುತ್ತಿದ್ದರು: ಧನುರ್ಮಾಸದೊಳಗೆ ಮುಗಿಸಿ ನೋಡು.

ಗಣೇಶನ ಹಬ್ಬ ಕಳೆದು ನವರಾತ್ರಿ ಹತ್ತಿರ ಬಂದಿತೆಂದರೆ ನಮ್ಮವರು ನಾಲ್ವರು ಸೇರಿದಲ್ಲೆಲ್ಲ ಒಂದೇ ದೂರು. ಬಣ್ಣದವನು ಕೈಕೊಟ್ಟ. ಮೇಸ್ತ್ರಿ ಮುಂಗಡ ತೆಗೆದುಕೊಂಡು ಊರಿಗೆ ಹೋದ. ಬಡಗಿ ಫೋನು ಎತ್ತುವುದಿಲ್ಲ. ಸಂಘದ ಕಾರ್ಯಕ್ರಮ ಮುಗಿದು ಕಾಫಿಯ ಲೋಟ ಕೈಗೆ ಬಂದೊಡನೆ ಒಬ್ಬರಲ್ಲ ಒಬ್ಬರು "ಈ ಕಡೆಯ ಜನವೇ ಹೀಗೆ ಸ್ವಾಮಿ, ಹೇಳಿದ ದಿನಕ್ಕೆ ಕೆಲಸ ಮುಗಿಸಿದ್ದೇ ಇಲ್ಲ" ಎನ್ನುತ್ತಾರೆ. ಉಳಿದ ನಾವೆಲ್ಲ ಹೌದೌದೆಂದು ತಲೆಯಾಡಿಸುತ್ತೇವೆ. ಇಷ್ಟು ವರ್ಷ ಹೀಗೆ ತಲೆಯಾಡಿಸಿದ ನಾವು ಈ ಸಲ ಆ ಮಾತು ನಿಜವೇ ಎಂದು ಕೇಳಿಕೊಳ್ಳಬೇಕಾಗಿದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಆ ಮಾತು ನಿಜವಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ದಿನ ಗೊತ್ತುಮಾಡಲು ಬಾರದ ನಾವು ಕೆಲಸಗಾರರನ್ನು ದೂರುತ್ತಿದ್ದೇವೆ.

ನಮ್ಮ ಪಂಚಾಂಗವನ್ನೇ ಮೊದಲು ನೋಡೋಣ. ಹಳೆಯ ಮನೆಯಾದರೆ ದೀಪಾವಳಿಯೊಳಗೆ ಸುಣ್ಣಬಣ್ಣವಾಗಬೇಕು. ಹೊಸ ಮನೆಯಾದರೆ ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ ಹಿಡಿಯುವ ಮೊದಲು ಗೃಹಪ್ರವೇಶವಾಗಬೇಕು. ಎರಡೂ ತಪ್ಪಿದರೆ ವರ್ಷಾಂತ್ಯದ ರಜೆಯಲ್ಲಿ ಬೆಂಗಳೂರಿನಿಂದಲೋ ಧಾರವಾಡದಿಂದಲೋ ನೆಂಟರು ಬಂದಿಳಿಯುವುದರೊಳಗೆ ಹೊಸ ಬಚ್ಚಲುಮನೆ ಸಿದ್ಧವಾಗಬೇಕು. ಅಂದರೆ ಇಡೀ ವರ್ಷದಲ್ಲಿ ಗಾರೆ ಒಣಗಲು ಒಪ್ಪದ, ಬಣ್ಣ ಹಿಡಿಯಲು ಒಪ್ಪದ, ಸರ್ಕಾರವೂ ಒಪ್ಪದ ಎರಡು ತಿಂಗಳುಗಳನ್ನೇ ಆರಿಸಿ ನಾವು ಕೆಲಸ ಹೇಳುತ್ತೇವೆ. ಫೆಬ್ರವರಿಯ ಎಳೆಬಿಸಿಲಿನಲ್ಲಿ, ಮಾರ್ಚಿಯಲ್ಲಿ, ಅದೇ ಮೇಸ್ತ್ರಿ ಲೇಬರ್ ಚೌಕದಲ್ಲಿ ಗಿರಾಕಿ ಕಾದು ನಿಂತಿರುವಾಗ ನಮಗೆ ಮನೆಯ ನೆನಪೇ ಇರುವುದಿಲ್ಲ.

ಇನ್ನು ಪ್ರಕೃತಿಯ ಪಂಚಾಂಗ. ಸಿಮೆಂಟು ಗಟ್ಟಿಯಾಗುವುದು ಬರಿಯ ಒಣಗುವಿಕೆಯಿಂದಲ್ಲ, ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ತಂಪು ಹೆಚ್ಚಿದಷ್ಟೂ ಆ ಕ್ರಿಯೆ ನಿಧಾನವಾಗುತ್ತದೆ. ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಬೂದಿ ಮುಂತಾದವು ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ನೀರುಣಿಸಬೇಕೆಂದು ನಮ್ಮ ದೇಶದ ಮಾನಕವೇ, ಐ.ಎಸ್. 456, ಹೇಳುತ್ತದೆ. ಹವೆ 5 ಡಿಗ್ರಿಗೆ ಇಳಿದರೆ ಅದನ್ನು ಶೀತ ಹವೆಯೆಂದು ಪರಿಗಣಿಸಿ ಬೇರೆಯೇ ಎಚ್ಚರ ವಹಿಸಬೇಕೆಂದು 1981ರ ಇನ್ನೊಂದು ಮಾನಕ ವಿಧಿಸುತ್ತದೆ. ದಿಲ್ಲಿಯಲ್ಲಿ 2019ರ ಡಿಸೆಂಬರ್ 30ರಂದು ಹಗಲಿನ ಗರಿಷ್ಠ ಉಷ್ಣತೆಯೇ 9.4 ಡಿಗ್ರಿಯಾಗಿತ್ತು. 2021ರ ಜನವರಿ 1ರ ಬೆಳಗ್ಗೆ ಪಾದರಸ 1.1ಕ್ಕೆ ಇಳಿದಿತ್ತು. ಇಂಥ ಹವೆಯಲ್ಲಿ ಗಿಲಾವಿನ ಹಸಿ ಆರುವುದು ವಾರದ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಲ್ಲ. ಹಸಿ ಆರುವ ಮುನ್ನ ಪುಟ್ಟಿ ಎಳೆದು ಬಣ್ಣ ಬಳಿಸಿದರೆ ಒಳಗಿನ ನೀರು ಹೊರದಾರಿ ಹುಡುಕುತ್ತದೆ, ಬಿಳಿಯ ಉಪ್ಪು ಒಸರುತ್ತದೆ, ಬಣ್ಣ ಹಕ್ಕಳೆ ಏಳುತ್ತದೆ.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ನಮ್ಮ ಬಳಗದ ಒಂದು ಮನೆಯಲ್ಲಿ ಹೀಗೆಯೇ ಆಯಿತು. "ಇನ್ನು ಹದಿನೈದು ದಿನ ಬಿಡಿ ಸಾಹೇಬರೆ, ಗೋಡೆ ಇನ್ನೂ ಅಳುತ್ತಿದೆ" ಎಂದು ಮೇಸ್ತ್ರಿ ಅಂಗಲಾಚಿದ. ಮುಹೂರ್ತ ಮೀರುತ್ತದೆಂದು ನಾವೆಲ್ಲ ಒಟ್ಟಾಗಿ ಅವನ ಬಾಯಿ ಮುಚ್ಚಿಸಿದೆವು. ಗೃಹಪ್ರವೇಶದ ಫೋಟೋಗಳಲ್ಲಿ ಗೋಡೆ ಚೆನ್ನಾಗಿಯೇ ಕಂಡಿತು. ಯುಗಾದಿಯ ಹೊತ್ತಿಗೆ ದೇವರ ಮನೆಯ ಗೋಡೆಯೇ ಹಪ್ಪಳದಂತೆ ಉಬ್ಬಿ ಉದುರಿತು. ಆಗ ಕರೆಸಿ ಬೈದದ್ದು ಯಾರನ್ನು? ಹದಿನೈದು ದಿನ ಕೇಳಿದವನನ್ನೇ. ಬಾಕಿ ಹಣವನ್ನೂ ಹಿಡಿದೆವು. ಅಂದು ಆ ಬೈಗುಳ ಕೇಳಿಯೂ ಸುಮ್ಮನಿದ್ದವರಲ್ಲಿ ನಾವೂ ಇದ್ದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳದೆ ಮುಂದೆ ಬರೆಯುವ ಹಕ್ಕು ನಮಗಿಲ್ಲ.

ಮೂರನೆಯದು ಸರ್ಕಾರದ ಪಂಚಾಂಗ. ದೀಪಾವಳಿಯ ಆಸುಪಾಸಿನಲ್ಲಿ ಗಾಳಿ ಬೀಸುವುದು ನಿಂತು, ಹೊಗೆ ದೂಳು ನೆಲಕ್ಕೆ ಕವಿದುಕೊಂಡು ಊರೇ ಕೆಮ್ಮತೊಡಗುತ್ತದೆ. 2017ರಲ್ಲಿ ಜಾರಿಗೆ ಬಂದ ಹಂತಹಂತದ ಮಾಲಿನ್ಯ ನಿಯಂತ್ರಣ ಯೋಜನೆಯ ಪ್ರಕಾರ, ವಾಯುಮಾಲಿನ್ಯದ ಸೂಚ್ಯಂಕ 400ರ ಗೆರೆ ದಾಟುವ ಮಟ್ಟಕ್ಕೆ ಬಂದಾಗ ದೂಳೇಳಿಸುವ ಕಟ್ಟಡ ಕೆಲಸಕ್ಕೆ ತಡೆ ಬೀಳುತ್ತದೆ. ಅಗೆತ, ಇಟ್ಟಿಗೆ ಕೆಲಸ, ಗಿಲಾವು, ಕಲ್ಲು ಹಾಗೂ ಟೈಲು ಕೊಯ್ಯುವುದು, ಬಣ್ಣ, ಪಾಲಿಶು ಎಲ್ಲವೂ ಆ ಪಟ್ಟಿಯಲ್ಲಿವೆ. ನಲ್ಲಿ, ವಿದ್ಯುತ್ತು, ಮರಗೆಲಸ, ಮನೆಯೊಳಗಿನ ಸಣ್ಣ ದುರಸ್ತಿಗಳಿಗೆ ವಿನಾಯಿತಿಯುಂಟು. ನಮ್ಮ ಮಕ್ಕಳ ಪುಪ್ಪುಸ ಉಳಿಯಬೇಕಾದರೆ ಈ ತಡೆ ಬೇಕು; ಅದನ್ನು ನಾವು ವಿರೋಧಿಸುತ್ತಿಲ್ಲ. ಆದರೆ ತಡೆಯ ದಿನಗಳಲ್ಲಿ ನಮ್ಮ ಸಂಬಳ ನಿಲ್ಲುವುದಿಲ್ಲ, ದಿನಗೂಲಿಯವನ ಒಲೆ ನಿಲ್ಲುತ್ತದೆ. ಎಲ್ಲರೂ ಉಸಿರಾಡುವ ಗಾಳಿಗೆ ಅವನೊಬ್ಬನೇ ಏಕೆ ಬೆಲೆ ತೆರಬೇಕು?

ಪರಿಹಾರವಿಲ್ಲವೆ ಎಂದು ಕೇಳಬಹುದು. ಕಾಗದದ ಮೇಲೆ ಇದೆ. 1996ರ ಕಾನೂನುಗಳ ಮೂಲಕ ಕಟ್ಟಡದ ವೆಚ್ಚದಲ್ಲಿ ಶೇಕಡ 1ರಷ್ಟು ಕರ ವಸೂಲುಮಾಡಿ ಕಾರ್ಮಿಕರ ಕಲ್ಯಾಣಕ್ಕೆ ನಿಧಿ ಕಟ್ಟಲಾಯಿತು. ಕೆಲಸ ನಿಂತ ದಿನಗಳಿಗೆ ಆ ನಿಧಿಯಿಂದ ಜೀವನಾಧಾರ ಕೊಡಿರೆಂದು ಸರ್ವೋಚ್ಚ ನ್ಯಾಯಾಲಯ 2021ರ ನವೆಂಬರಿನಲ್ಲಿಯೂ 2024ರ ನವೆಂಬರಿನಲ್ಲಿಯೂ ಆದೇಶಿಸಿತು. 2024ರಲ್ಲಿ ದಿಲ್ಲಿ ಸರ್ಕಾರ ಗೊತ್ತುಮಾಡಿದ್ದು ತಲೆಗೆ 8,000 ರೂಪಾಯಿ; ಡಿಸೆಂಬರ್ ಮೊದಲ ವಾರ ನ್ಯಾಯಾಲಯ ಲೆಕ್ಕ ಕೇಳಿದಾಗ ಸುಮಾರು 90,000 ಮಂದಿಗೆ ಸಂದಾಯವಾಗಿದ್ದದ್ದು 2,000 ಮಾತ್ರ. ಅದೂ ನೋಂದಾಯಿಸಿಕೊಂಡವರಿಗೆ. 1996ರ ಕಾನೂನು ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕೆಂದು ಕೇಳಿತು. ಇವತ್ತು ನಮ್ಮ ಮನೆಯಲ್ಲಿ ನಾಲ್ಕು ದಿನ, ನಾಳೆ ಇನ್ನೊಬ್ಬರ ಮಹಡಿಯಲ್ಲಿ ಆರು ದಿನ ದುಡಿಯುವವನ 90 ದಿನಗಳಿಗೆ ಸಾಕ್ಷಿ ಹೇಳುವವರಾರು? ಹೇಳಬೇಕಾದವರು ನಾವೇ. ನಮ್ಮಲ್ಲಿ ಎಷ್ಟು ಜನ ಎಂದಾದರೂ ಒಂದು ಚೀಟಿಗೆ ಸಹಿಮಾಡಿ ಕೊಟ್ಟಿದ್ದೇವೆ?

ಕೊನೆಯದು ಕೆಲಸಗಾರನ ಸ್ವಂತ ಪಂಚಾಂಗ. ಅವನಿಗೂ ಒಂದು ಉಂಟು. ಬಿಹಾರದಿಂದ, ಪೂರ್ವ ಉತ್ತರ ಪ್ರದೇಶದಿಂದ ಬಂದವರಿಗೆ ದೀಪಾವಳಿಯಾಗಿ ಆರನೆಯ ದಿನ ಛಠ್. ನಮಗೆ ಗೌರಿ ಹಬ್ಬಕ್ಕೆ ತವರು ಹೇಗೋ, ಅವರಿಗೆ ಛಠ್‌ಗೆ ಊರು ಹಾಗೆ. ರೈಲಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ಬಾಗಿಲಿಗೆ ಜೋತುಕೊಂಡಾದರೂ ಹೋಗುತ್ತಾರೆ. ನಾವು ಮಾತ್ರ "ಮುಂಗಡ ನುಂಗಿ ಓಡಿಹೋದ" ಎನ್ನುತ್ತೇವೆ. ರಜೆಗೆ ಊರಿಗೆ ಹೋಗಲೆಂದು ತಿಂಗಳುಗಳ ಮೊದಲೇ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಟಿಕೆಟು ಕಾದಿರಿಸುವ ನಮಗೆ, ಊರಿಗೆ ಹೋಗುವ ಹಂಬಲ ಏನೆಂದು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ರಾಯಚೂರು, ಯಾದಗಿರಿ, ಕಲಬುರಗಿಯ ಜನ ಮುಂಬಯಿಗೆ, ಗೋವೆಗೆ ಗುಳೆ ಹೋಗಿ ಇದೇ ಗಾರೆ, ಇದೇ ಬುಟ್ಟಿ ಹೊರುತ್ತಾರೆ. ಅಲ್ಲಿಯೂ ಯಾರೋ ಕಾಫಿ ಕುಡಿಯುತ್ತ ಅವರ ಬಗ್ಗೆ "ಈ ಜನವೇ ಹೀಗೆ" ಎನ್ನುತ್ತಿರಬಹುದಲ್ಲವೆ?

ಈ ನಾಲ್ಕು ಪಂಚಾಂಗಗಳ ನಡುವೆ ಸಿಕ್ಕಿ ನಜ್ಜುಗುಜ್ಜಾಗುವುದು ಕೆಲಸಗಾರನ ಮೈ. ಬೆಳಗಿನ ಮಂಜಿನಲ್ಲಿ ಸಾರುವೆಯ ಬಿದಿರು ಒದ್ದೆಯಾಗಿ ಜಾರುತ್ತದೆ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ತಿನ್ನುತ್ತದೆ. ಚಳಿಗೆ ಬಿರಿದ ಕೈಗೆ ಅದು ತಾಗಿದರೆ ಬೆಂಕಿ ಇಟ್ಟಂತೆ. ತಡೆ ಎದ್ದೊಡನೆ ಕಳೆದ ದಿನಗಳನ್ನು ತುಂಬಿಕೊಡಲು ರಾತ್ರಿಯೂ ದೀಪ ಹಚ್ಚಿ ದುಡಿಯುತ್ತಾರೆ. ಕಟ್ಟುತ್ತಿರುವ ಮನೆಯಲ್ಲೇ ಮಲಗುವವರು ಬಾಗಿಲಿಗೆ ಗೋಣಿ ಕಟ್ಟಿ ಒಳಗೆ ಅಂಗೀಠಿ ಉರಿಸಿಕೊಳ್ಳುತ್ತಾರೆ. ಮುಚ್ಚಿದ ಕೋಣೆಯ ಇದ್ದಿಲಿನ ವಿಷಾನಿಲದಿಂದ ಮಲಗಿದವರು ಮಲಗಿದಲ್ಲೇ ಸತ್ತ ಸುದ್ದಿಯನ್ನು ಚಳಿಗಾಲದ ಪತ್ರಿಕೆಗಳಲ್ಲಿ ಓದಿ ನಾವು ಪುಟ ತಿರುವುತ್ತೇವೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ಕಲಿಸಿದವರು ನಾವು. ಈ ವ್ಯವಹಾರದಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ಮೋಸಮಾಡುವವರೇ ಇಲ್ಲವೆ? ಇದ್ದಾರೆ. ಎಲ್ಲ ವೃತ್ತಿಗಳಲ್ಲಿಯೂ ಇದ್ದಾರೆ, ನಾವು ಕುರ್ಚಿ ಹಾಕಿ ಕೂರುವ ಕಚೇರಿಗಳಲ್ಲಿಯೂ ಇದ್ದಾರೆ. ಕೆಲವರ ಮೋಸವನ್ನು ಹೇಳಿ ಎಲ್ಲರ ಕೂಲಿ ಹಿಡಿಯುವುದು ನ್ಯಾಯವಲ್ಲ. ಎಲ್ಲವನ್ನೂ ಗುತ್ತಿಗೆದಾರನಿಗೆ ವಹಿಸಿದ್ದೇವೆ, ನಮಗೇನು ಸಂಬಂಧ? ನಾವು ಗುತ್ತಿಗೆದಾರನ ಕುತ್ತಿಗೆ ಹಿಡಿದರೆ ಅವನು ಕೂಲಿಯವನ ಕುತ್ತಿಗೆ ಹಿಡಿಯುತ್ತಾನೆ. ಸಂಬಂಧ ಅಷ್ಟೇ ಹತ್ತಿರದ್ದು. ಮುಹೂರ್ತ ಬಿಡಲಾಗುತ್ತದೆಯೆ? ಬಿಡಬೇಡಿ. ಹೋಮ ಮಾಡಿ, ಹಾಲು ಉಕ್ಕಿಸಿ, ನಾಲ್ಕು ಜನಕ್ಕೆ ಊಟ ಹಾಕಿ. ಹಾಲು ಉಕ್ಕಲು ಒಲೆ ಬೇಕು, ಗೋಡೆಗೆ ಮೂರನೆಯ ಸಲ ಬಣ್ಣ ಬೇಕಿಲ್ಲ. ಬಣ್ಣವಾಗಲಿಲ್ಲವೆಂದು ನಿಮ್ಮ ಮನೆಯ ಊಟ ಬಿಟ್ಟು ಎದ್ದುಹೋಗುವ ನೆಂಟರಿದ್ದರೆ ಅವರು ಹೋಗುವುದೇ ಲೇಸು.

ಬರಿಯ ಟೀಕೆ ಬರೆದು ಕೈತೊಳೆದುಕೊಳ್ಳುವುದು ನಮಗೆ ಇಷ್ಟವಿಲ್ಲ. ನಮ್ಮ ಸದಸ್ಯರ ಮುಂದೆ ಐದು ಮಾತುಗಳನ್ನು ಇಡುತ್ತೇವೆ. ಒಂದು, ದೊಡ್ಡ ಕೆಲಸವನ್ನು ಫೆಬ್ರವರಿ, ಮಾರ್ಚಿಯಲ್ಲಿ ಹಿಡಿಯಬೇಕು. ದೀಪಾವಳಿಯ ಬಣ್ಣವನ್ನು ಮಳೆ ಹಿಂದೆ ಸರಿದೊಡನೆ ಆರಂಭಿಸಬೇಕು. ಎರಡು, ತಡೆ ಬಿದ್ದ ದಿನಗಳಿಗೆ ನಾವು ಕೆಲಸಕ್ಕೆ ಇಟ್ಟುಕೊಂಡವರಿಗೆ ಕನಿಷ್ಠ ಅರ್ಧ ಕೂಲಿಯಾದರೂ ಕೊಡಬೇಕು. ಮೂರು, ಹಬ್ಬದ ಮುನ್ನ ಮಾಡಿದ ಕೆಲಸದ ಬಾಕಿಯನ್ನು ಹಬ್ಬದ ಮುನ್ನವೇ ತೀರಿಸಬೇಕು. "ಹಬ್ಬ ಕಳೆದ ಮೇಲೆ ಬಾ" ಎಂಬ ಮಾತನ್ನು ನಮ್ಮ ಬಾಯಿಂದ ತೆಗೆದುಹಾಕಬೇಕು. ನಾಲ್ಕು, ಕೈಗವಸು, ಬಿಸಿನೀರು, ಎರಡು ಹೊತ್ತು ಚಹಾ, ರಾತ್ರಿ ಉಳಿಯುವವರಿಗೆ ಕಂಬಳಿ ಮತ್ತು ಗಾಳಿಯಾಡುವ ಜಾಗ, ಇವು ಉಪಕಾರವಲ್ಲ, ಕೆಲಸದ ವೆಚ್ಚದಲ್ಲೇ ಸೇರಬೇಕಾದ ಬಾಬುಗಳು. ಐದು, ನಮ್ಮಲ್ಲಿ ದುಡಿದ ದಿನಗಳನ್ನು ಬರೆದು, ಸಹಿಮಾಡಿ, ಕೆಲಸಗಾರನ ಕೈಗೆ ಕೊಡಬೇಕು.

ನಮ್ಮ ಸಂಘಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟುವವನಿಗೆ ಅಕ್ಟೋಬರ್ 30ರ ಸಂಜೆ ಅಳತೆ ಹೇಳುವ ಅಭ್ಯಾಸ ನಮ್ಮಲ್ಲೂ ಇಲ್ಲದಿಲ್ಲ. ಬಸವ ಜಯಂತಿಯಂದು ಅದೇ ವೇದಿಕೆಯ ಮೇಲೆ ನಿಂತು ಕಾಯಕದ ಹಿರಿಮೆಯನ್ನು ಕೊಂಡಾಡುತ್ತೇವೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಎಂದು ಕಸುಬಿನಿಂದಲೇ ಶರಣರ ಹೆಸರು ಹೇಳಿ ಕೈಮುಗಿಯುತ್ತೇವೆ. ಆ ವೇದಿಕೆಗೆ ಮೊಳೆ ಹೊಡೆದವನ ಹೆಸರು ಮಾತ್ರ ನಮ್ಮಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಈ ಚಳಿಗಾಲದಲ್ಲಿ ಮೇಸ್ತ್ರಿಯೊಬ್ಬ "ಇನ್ನು ಹದಿನೈದು ದಿನ ಬೇಕು" ಎಂದರೆ ಪಂಚಾಂಗ ತೆರೆಯುವ ಮುನ್ನ ಗೋಡೆಯನ್ನು ಒಮ್ಮೆ ಮುಟ್ಟಿ ನೋಡೋಣ. ಅದು ತಣ್ಣಗೆ, ಹಸಿಯಾಗಿದ್ದರೆ ಅವನು ಹೇಳಿದ್ದು ನಿಜ. ಆಮೇಲೆ ಅವನ ಕೈಯನ್ನೂ ಒಮ್ಮೆ ನೋಡೋಣ.