ಹಣೆಬರಹದ ದೇವಿ, ಸೂಲಗಿತ್ತಿ ಪೂಜಾರಿಗಳು

ಅಕ್ಕನ ಜಾತಕ ಮೊನ್ನೆ ಮತ್ತೆ ವಾಪಸ್ ಬಂತು. ಕುಜದೋಷವಂತೆ. ಇದು ನಾಲ್ಕನೇ ಸಲ. "ಅವಳ ಹಣೇಲಿ ಬರೆದದ್ದು" ಅಂತ ಅಮ್ಮ ಅಡುಗೆಮನೆಗೆ ಹೋದ್ರು. ನಾನು ರೂಮಿನ ಬಾಗಿಲು ಹಾಕ್ಕೊಂಡು ಫರಾಸ್ಮಾ ಬಗ್ಗೆ ಓದ್ತಾ ಕೂತೆ. ನಗಬೇಡಿ :)

ಫರಾಸ್ಮಾ ಅಂದ್ರೆ ಪಾತ್‌ಫೈಂಡರ್ ಅನ್ನೋ ಆಟದ ವಿಧಿದೇವತೆ. ಮೇಜಿನ ಸುತ್ತ ಕೂತು ಒಬ್ಬ ಕಥೆ ಹೇಳ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸ್ತಾರೆ. ಅಮೆರಿಕದ ಪೈಜೋ ಕಂಪನಿ 2009ರಲ್ಲಿ ಹೊರತಂದ ಆಟ ಇದು. ಅದರ ಲೋಕದ ಹೆಸರು ಗೊಲಾರಿಯನ್. ಅಲ್ಲಿ ಹುಟ್ಟು, ಸಾವು, ವಿಧಿ, ಭವಿಷ್ಯವಾಣಿ ನಾಲ್ಕೂ ಇವಳದೇ ಖಾತೆ. ಸತ್ತವರ ಆತ್ಮಗಳು ಇವಳ ಮುಂದೆ ಬಂದು ನಿಲ್ಲಬೇಕು, ತೀರ್ಪು ಕೊಡೋಳು ಇವಳೇ. ನಮ್ಮ ಯಮ, ಚಿತ್ರಗುಪ್ತ, ಆರನೇ ರಾತ್ರಿ ಬಂದು ಬರೆದು ಹೋಗೋ ಬ್ರಹ್ಮ ಎಲ್ಲ ಸೇರಿಸಿ ಒಬ್ಬಳೇ ಅಂದ್ಕೊಳ್ಳಿ.

ಆದ್ರೆ ಬ್ರಹ್ಮ ಮೊದಲೇ ಬರೆದು ಮುಗಿಸ್ತಾನೆ. ಇವಳು ಹಾಗಲ್ಲ. ಮಗು ಹುಟ್ಟಿದಾಗ ಆ ಜೀವ ಯಾವ್ಯಾವ ದಾರಿ ಹಿಡೀಬಹುದು ಅಂತ ಇವಳಿಗೆ ಗೊತ್ತು, ತೀರ್ಪು ಮಾತ್ರ ಕೊನೇ ಗಳಿಗೆವರೆಗೆ ಕೊಡಲ್ಲ. ನನಗೆ ಇಷ್ಟವಾಗಿದ್ದೇ ಇದು.

ಇವಳ ಪೂಜಾರಿಗಳಲ್ಲಿ ಸೂಲಗಿತ್ತಿಯರು, ಹೆಣ ಹೂಳೋರು, ಭವಿಷ್ಯ ಹೇಳೋರು ಮೂವರೂ ಇದ್ದಾರೆ. ಆ ಲೋಕದ 4606ನೇ ವರ್ಷದಲ್ಲಿ ಮೂರನೆಯವರ ಅಂಗಡಿ ಮುಚ್ಚೋ ಹಾಗಾಯ್ತು. ಮನುಷ್ಯರ ದೇವರು ಆರೋಡೆನ್ ಆ ವರ್ಷ ಮರಳಿ ಬರ್ತಾನೆ ಅಂತ ಭವಿಷ್ಯವಾಣಿ ಇತ್ತು. ಬರಲಿಲ್ಲ, ಸತ್ತೇ ಹೋದ. ವಾರಗಟ್ಟಲೆ ಬಿರುಗಾಳಿ ಬೀಸ್ತು. ಅವತ್ತಿಂದ ಭವಿಷ್ಯವಾಣಿಯನ್ನ ನಂಬೋ ಹಾಗಿಲ್ಲ. ಆಟ ನಡೆಯೋದು ಅದಾದ ಮೇಲಿನ ಯುಗದಲ್ಲಿ, ಶಕುನಗಳು ಕಳೆದುಹೋದ ಯುಗದಲ್ಲಿ. (ನಮ್ಮ ಭಾಷೇಲಿ ಹೇಳೋದಾದ್ರೆ ಸರಿಯಾದ ಡಿಸೈನ್ ಇದು. ಮುಂದಾಗೋದು ಮೊದಲೇ ಗೊತ್ತಿದ್ರೆ ಇಪ್ಪತ್ತು ಮುಖದ ದಾಳಕ್ಕೇನು ಕೆಲಸ?)

ಉಳಿದಿಬ್ಬರು ಮಾತ್ರ ಎಂದಿನಂತೆ ಕೆಲಸಕ್ಕೆ ಹೋದ್ರು. ಹೆರಿಗೆ ನೋವಿಗೆ ಶಕುನ ಬೇಕಾಗಿಲ್ಲ, ಹೆಣ ಹೂಳೋಕೂ ಬೇಕಾಗಿಲ್ಲ. ವಿಧಿಯ ಪೂಜಾರಿ ಅಂದ್ರೆ ಬಾಣಂತಿ ಪಕ್ಕ ಕೂರೋನು. ಮುಂದೇನಾಗುತ್ತೆ ಅಂತ ಹೇಳೋದು ಅವನ ಕೆಲಸ ಅಲ್ಲ. ಅಕ್ಕನಿಗೆ ಇಂಥವರೊಬ್ಬರು ಸಿಕ್ಕಿದ್ರೆ ಜಾತಕ ಕೇಳ್ತಾನೇ ಇರಲಿಲ್ಲ.

ಒಂದು ಮಾತ್ರ ನನಗೆ ಜೀರ್ಣ ಆಗಿಲ್ಲ. ಆರೋಡೆನ್ ಸಾಯ್ತಾನೆ ಅಂತ ಫರಾಸ್ಮಾಗೆ ಮೊದಲೇ ಗೊತ್ತಿತ್ತು. ತನ್ನ ಕೆಲವು ಪರಮಭಕ್ತರಿಗೆ ಹೇಳಿಯೂ ಇದ್ದಳು. ಆರೋಡೆನ್‌ನ ಕಡೆಯವರಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ದೇವಿ ನಿಷ್ಪಕ್ಷಪಾತಿ, ಅಡ್ಡ ಹೋಗಲ್ಲ ಅಂತ ನಮ್ಮ ಗುಂಪಿನ ಗೆಳೆಯ ವಾದ ಮಾಡ್ತಾನೆ. ಇರಬಹುದು. ದೇವಿಗೆ ಸರಿ ಕಣಯ್ಯ, ಪೂಜಾರಿಗೆ? ಪಕ್ಕದ ಗುಡಿಯವನು ದಿನಾ ಹೂ ಕಟ್ಟಿ ತನ್ನ ದೇವರಿಗೆ ಕಾಯ್ತಿರೋದನ್ನ ನೋಡ್ತಾ ಸುಮ್ನಿರೋದು ಹೇಗೆ? ಇಲ್ಲದ್ದನ್ನೆಲ್ಲ ಹೇಳೋ ನಮ್ಮ ಜ್ಯೋತಿಷಿಗೂ, ಇದ್ದದ್ದನ್ನೂ ಹೇಳದ ಇವನಿಗೂ ಏನು ವ್ಯತ್ಯಾಸ ಅಂತ ಇನ್ನೂ ಯೋಚಿಸ್ತಿದ್ದೀನಿ.

ಅದಕ್ಕೇ ಮುಂದಿನ ಆಟಕ್ಕೆ ನನ್ನ ಪಾತ್ರ ಅಂಥ ಒಬ್ಬ ಪೂಜಾರಿ. ನೂರು ವರ್ಷದ ಮೇಲಾಗಿದೆ ನಿಜ, ಆದ್ರೆ ಎಲ್ಫ್‌ಗಳಿಗೆ ಆಯಸ್ಸು ಜಾಸ್ತಿ. ಅವತ್ತು ಗೊತ್ತಿದ್ದೂ ಸುಮ್ಮನಿದ್ದ, ಆಮೇಲೆ ಹೆರಿಗೆ ಮಾಡಿಸ್ಕೊಂಡು ಊರೂರು ತಿರುಗ್ತಿರೋ ಎಲ್ಫ್. ಹೆಸರು ಇನ್ನೂ ಇಟ್ಟಿಲ್ಲ, ಹೊಳೆದರೆ ಹೇಳಿ.

ಅಕ್ಕ ಊಟಕ್ಕೆ ಕರೀತಿದ್ದಾಳೆ. ಬರ್ತೀನಿ.